ಕ್ವೀನ್ಸ್ ಗಾರ್ಡನ್ ಅವೆನ್ಯೂದ ಗರೀಬಖಾನಾ

ಸೋಲಾಪುರದಲ್ಲಿ ನಾನು ಬಾಡಿಗೆಗೆ ಇದ್ದ ಗಲ್ಲಿಯ ಹೆಸರು ಕ್ವೀನ್ಸ್ ಗಾರ್ಡನ್ ಅವೆನ್ಯೂ. ಅಲ್ಲಿ ರಾಣಿ ಇರಲಿಲ್ಲ, ತೋಟವೂ ಇರಲಿಲ್ಲ. ಅವೆನ್ಯೂ ಅಂದರೆ ಏನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದು ಇತ್ತೋ ಇಲ್ಲವೋ ಹೇಳಲಾರೆ. ಇದ್ದದ್ದು ಎರಡೂ ಬದಿಗೆ ತಗಡಿನ ಮಗ್ಗದ ಶೆಡ್ಡುಗಳು, ನಡುವೆ ಗಟಾರ, ಗಟಾರದ ತುದಿಗೆ ಒಂದು ನಳ. ನಳದ ಮುಂದೆ ಹೆಂಗಸರು ಕೊಡಗಳನ್ನು ಪಾಳಿಗೆ ಇಟ್ಟಿರುತ್ತಿದ್ದರು, ಪಾಳಿಗೀಳಿ ಲೆಕ್ಕಿಸದ ಎಮ್ಮೆಗಳು ಅಡ್ಡ ನಿಂತಿರುತ್ತಿದ್ದವು. ಗಲ್ಲಿಯ ಮೇಲ್ತುದಿಯಲ್ಲಿ ನೂಲಿಗೆ ಬಣ್ಣ ಹಾಕುವವನೊಬ್ಬನಿದ್ದ. ಅವನ ಕೊಪ್ಪರಿಗೆಯಿಂದ ಚೆಲ್ಲಿದ ನೀರು ಒಂದು ದಿನ ಹಸಿರಾಗಿ, ಒಂದು ದಿನ ಕೆಂಪಾಗಿ ಗಟಾರದಲ್ಲಿ ಹರಿದು ಬರುತ್ತಿತ್ತು. ಎಮ್ಮೆಗಳ ಕಾಲು ನೋಡಿ ಅವತ್ತು ಅವನು ಯಾವ ನೂಲು ಅದ್ದಿದ್ದಾನೆಂದು ಹೇಳಬಹುದಿತ್ತು. ಸುತ್ತಲಿನವರು ನಮ್ಮ ಗಲ್ಲಿಗೆ ಎಮ್ಮಿ ಗಲ್ಲಿ ಅನ್ನುತ್ತಿದ್ದರು. ಆದರೆ ಗಲ್ಲಿಯ ಬಾಯಿಯಲ್ಲಿ, ಎರಕದ ಕಬ್ಬಿಣದ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ಕ್ವೀನ್ಸ್ ಗಾರ್ಡನ್ ಅವೆನ್ಯೂ ಅಂತಲೇ ಇತ್ತು.

ಆ ಫಲಕ ಬಂದ ಕಥೆಯನ್ನು ನನಗೆ ಹೇಳಿದವರು ನಮ್ಮ ಮನೆಯ ಯಜಮಾನಿ. ನೂಲಿನ ವ್ಯಾಪಾರದ ಮನೆತನದ ವಿಧವೆ, ತೂಕದ ಹೆಂಗಸು. ಇಡೀ ಗಲ್ಲಿ ಅವರಿಗೆ ಕಾಕು ಅನ್ನುತ್ತಿತ್ತು, ನಾನೂ ಅಂದೆ. ಅವರ ಮಾವನವರಿಗೆ ಲಿಲಾವಿನ ಹುಚ್ಚು. ಬಿಳಿಯರು ಊರು ಬಿಟ್ಟು ಹೋಗುವ ಕಾಲಕ್ಕೆ ಯಾವುದೋ ಕಂಟೋನ್ಮೆಂಟಿನಲ್ಲಿ ಸಾಮಾನಿನ ಹರಾಜು ನಡೆದಾಗ ಅಲ್ಲಿ ಹೋಗಿ ಒಂದು ಸ್ನಾನದ ತೊಟ್ಟಿ, ಒಂದು ನಾಯಿಗೂಡು, ಈ ಒಂದು ಫಲಕ ಕೂಗಿ ತಂದರಂತೆ. ತೊಟ್ಟಿಯಲ್ಲಿ ಎಮ್ಮೆ ನೀರು ಕುಡಿದವು, ಗೂಡಿನಲ್ಲಿ ಕೋಳಿ ಕೂತವು. ಫಲಕಕ್ಕೆ ಮಾತ್ರ ಕೆಲಸ ಸಿಗಲಿಲ್ಲ.

"ರೊಕ್ಕ ಕೊಟ್ಟ ತಂದ ಸಾಮಾನು ಸುಮ್ಮ ಕುಂದರಬಾರದು ಅಂತ ನಮ್ಮ ಮಾವನವರು ಗಲ್ಲಿ ಬಾಯಿಗೆ ಹೊಡಸಿಬಿಟ್ರವ್ವಾ," ಅಂದರು ಕಾಕು. "ಅದರಾಗ ಏನ ಬರದೈತಿ ಅಂತ ಅವರಿಗೂ ಗೊತ್ತಿರಲಿಲ್ಲ. ಅಕ್ಷರ ದಪ್ಪ ಅದಾವ, ಚಲೋ ಕಾಣತಾವ, ಅಷ್ಟ."

ಬರಬರುತ್ತ ಗಲ್ಲಿಯವರ ಬೀಗರು, ವ್ಯಾಪಾರಿಗಳು ಪತ್ರದ ಮೇಲೆ ಅದನ್ನೇ ಬರೆಯತೊಡಗಿದರು. ಹೆಸರು ನಿಂತುಬಿಟ್ಟಿತು.

ನಾನು ಅಲ್ಲಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಒಂದು ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಾಗ. ನನ್ನ ಊರು ಅಕ್ಕಲಕೋಟೆ ತಾಲೂಕಿನಲ್ಲಿ, ತಡವಳದ ಆಚೆಗೆ. ತಾಯಿ ತಂದೆ ಇಬ್ಬರೂ ನಾನು ಸಣ್ಣವಳಿದ್ದಾಗಲೇ ಹೋದರು. ನನ್ನನ್ನು ಬೆಳೆಸಿದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದು ನನ್ನ ಕಾಕಾನ ಸಂಸಾರದ ಒಂದು ಮೂಲೆಯಲ್ಲಿ ನನ್ನನ್ನು ಇಟ್ಟುಕೊಂಡು ಬದುಕಿದವಳು. ಸಾಲೆ ಕಲಿಸಿದ್ದೂ ಅವಳೇ, ಹಟ ಹಿಡಿದು. ನೌಕರಿಯ ಆರ್ಡರು ಬಂದಾಗ ನನ್ನ ಲಗ್ನದ ವಯಸ್ಸು ದಾಟುತ್ತಿತ್ತು. ಲಗ್ನ ಬಿಟ್ಟು ಹುಡುಗಿಯನ್ನು ಒಬ್ಬಳನ್ನೇ ಪ್ಯಾಟೆಗೆ ಕಳಿಸುತ್ತಾರಂತೆ ಅಂತ ಬಾವಿಕಟ್ಟೆಯ ಮೇಲೆ ಮಾತಾಯಿತು. ಊರ ಬಾಯಿಗೆ ಕೈ ಯಾರು ಅಡ್ಡ ಇಟ್ಟಾರು? ಅತ್ತೆ ಒಂದಿಬ್ಬರ ಜೊತೆ ಜಗಳ ಮಾಡಿದಳು, ಆಮೇಲೆ ನೀರಿಗೆ ಹೋಗುವ ಹೊತ್ತನ್ನೇ ಬದಲಿಸಿದಳು. ಕಾಕಾ ನನ್ನನ್ನು ಟ್ರಂಕಿನ ಸಮೇತ ಸೋಲಾಪುರದ ಬಸ್ ನಿಲ್ದಾಣದಲ್ಲಿ ಇಳಿಸಿ, ಬಿತ್ತಿಗೆಯ ಕೆಲಸ ಇತ್ತಂತ ಮುಂದಿನ ಬಸ್ಸಿಗೇ ತಿರುಗಿದ. ಕಾಕುವಿನ ಖೋಲಿ ಹುಡುಕಿ ಕೊಟ್ಟವರು ನಮ್ಮ ಸಾಲೆಯ ದೊಡ್ಡ ಬಾಯಿ; ಅಲ್ಲಿ ಮಾಸ್ತರಿಣಿಯರಿಗೆ ಬಾಯಿ ಅನ್ನುವುದು.

ಹೋದವಳು ಊರಿಗೆ ಒಂದು ಕಾರ್ಡು ಬರೆದೆ, ನನ್ನ ವಿಳಾಸ ಕೊಟ್ಟು. ಇಂಗ್ಲಿಷಿನಲ್ಲಿದ್ದ ವಿಳಾಸವನ್ನು ಓದಿಸಲಿಕ್ಕೆ ಕಾಕಾ ಅದನ್ನು ಊರ ಮಾಸ್ತರರ ಹತ್ತಿರ ಒಯ್ದ. ಮಾಸ್ತರರು ಹಳೆಯ ಕಾಲದವರು, ಅಕ್ಕಲಕೋಟೆ ಸಂಸ್ಥಾನವಿದ್ದಾಗ ಅಲ್ಲಿಯ ವಾಡೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದವರು. ಅವರು ಮೂಗಿಗೆ ಚಾಳೀಸು ಏರಿಸಿ, ಒಂದೊಂದೇ ಶಬ್ದ ಬಿಡಿಸಿ, ಹಿಟ್ಟಿನ ಗಿರಣಿಯ ಮುಂದೆ ಕೂತವರಿಗೆಲ್ಲ ಕೇಳುವ ಹಾಗೆ ಅರ್ಥ ಹೇಳಿದರು: ರಾಣೀಸಾಹೇಬರ ತೋಟದ ರಾಜಮಾರ್ಗ. ಅವತ್ತಿನಿಂದ ಬಾವಿಕಟ್ಟೆಯ ಮಾತು ನಿಂತಿತು. ಅತ್ತೆ ಮತ್ತೆ ತನ್ನ ಮೊದಲಿನ ಹೊತ್ತಿಗೇ ನೀರಿಗೆ ಹೋಗತೊಡಗಿದಳು.

ಇದೆಲ್ಲ ನನಗೆ ಗೊತ್ತಾದದ್ದು ದೀಪಾವಳಿಗೆ ಊರಿಗೆ ಹೋದಾಗ. ಜನ ನನ್ನನ್ನು ಕಂಡು ಸರಿದು ಕೂರುತ್ತಿದ್ದರು. ಮೊದಲು ಏಕವಚನದಲ್ಲಿ ಕರೆಯುತ್ತಿದ್ದವರು 'ರೀ' ಹಚ್ಚಿದ್ದರು. ನನಗೆ ನಗು ಬಂತು, ಆಮೇಲೆ ಗಾಬರಿಯಾಯಿತು. ಮಾಸ್ತರರ ಎದುರಿಗೇ ಇದ್ದದ್ದು ಇದ್ದ ಹಾಗೆ ಹೇಳಿದೆ: ಒಂದು ಖೋಲಿ, ಮುಂದೆ ಗಟಾರ, ಬಾಗಿಲು ತೆಗೆದರೆ ಎಮ್ಮೆ. ಮಾಸ್ತರರು ಕಣ್ಣು ಮುಚ್ಚಿ ತಲೆಯಾಡಿಸಿದರು.

"ಕೇಳಿದ್ರೇನು? ಇದಕ್ಕ ಸಂಸ್ಕಾರ ಅಂತಾರ," ಅಂದರು ಉಳಿದವರ ಕಡೆ ತಿರುಗಿ. "ಅಕ್ಕಲಕೋಟಿ ಸರದಾರರು ಇಷ್ಟಿಷ್ಟ ದೊಡ್ಡ ವಾಡೇದಾಗ ಇರತಿದ್ರು. ನಮ್ಮನ್ನ ಕರಿಯೂ ಮುಂದ ಏನ ಅಂತಿದ್ರು? ಮಾಸ್ತರ, ನಮ್ಮ ಗರೀಬಖಾನಾಕ್ಕ, ಬಡವರ ಮನೀಗೆ, ಬರ್ರಿ ಅಂತಿದ್ರು. ದೊಡ್ಡ ಮಂದಿ ತಮ್ಮ ಮನಿ ಬಗ್ಗೆ ಹಿಂಗ ಮಾತಾಡೂದು."

ಮುಗಿಯಿತು. ಆಮೇಲೆ ನಾನು ಗಟಾರವನ್ನು ಎಷ್ಟು ಹೊಲಸಾಗಿ ವರ್ಣಿಸಿದರೆ ಅಷ್ಟು ನನ್ನ ಬಂಗಲೆ ಬೆಳೆಯಿತು. ತಗಡಿನ ಮಾಡು ಸೋರುತ್ತದೆ ಅಂದರೆ ಎಂಥ ವಿನಯ ಅಂದರು. ಹಲ್ಲಿ ಬೀಳುತ್ತದೆ ಅಂದರೆ ನಕ್ಕು ಒಬ್ಬರನ್ನೊಬ್ಬರು ನೋಡಿದರು. ಅತ್ತೆಗೆ ಮಾತ್ರ, ಒಲೆಯ ಮುಂದೆ ಕೂತಿದ್ದಾಗ, "ನೀ ಒಮ್ಮೆ ಬಾ ಅತ್ತಿ, ಬಂದು ನೋಡು," ಅಂದೆ. "ಬರ್ತೀನವ್ವಾ, ಯಾಕ ಬರೂದಿಲ್ಲ. ಸ್ವಲ್ಪ ತಯಾರಿ ಆಗಲಿ," ಅಂದಳು. ಎಂಥ ತಯಾರಿ ಅಂತ ನನಗೆ ತಿಳಿಯಲಿಲ್ಲ.

ನಮ್ಮ ಕಡೆ ಒಂದು ರೂಢಿ ಇತ್ತು, ಈಗಲೂ ಇರಬೇಕು. ಸೋಲಾಪುರದಲ್ಲಿ ನಮ್ಮವರದೊಂದು ಮನೆ ಇತ್ತೆಂದರೆ ಅದು ಅರ್ಧ ಊರಿನ ಮನೆ. ದವಾಖಾನೆಗೆ ಬಂದವರು, ಕೋರ್ಟಿಗೆ ಬಂದವರು, ಲಗ್ನದ ಜವಳಿ ತೆಗೆಯಲಿಕ್ಕೆ ಬಂದವರು, ಎಲ್ಲರೂ ಅಲ್ಲೇ ಇಳಿಯುವುದು. ಬರುವಾಗ ಕಟಕರೊಟ್ಟಿಯ ಬುತ್ತಿ, ಶೇಂಗಾದ ಗಂಟು ತರುತ್ತಾರೆ. ಬಾಗಿಲಲ್ಲಿ ನಿಂತು ಕಾಲು ತೊಳೆಯುತ್ತಾರೆ. ರಾತ್ರಿ ಗೋಡೆಯುದ್ದಕ್ಕೂ ಸಾಲಾಗಿ ಮಲಗುತ್ತಾರೆ. ನಮ್ಮ ಸಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಒಬ್ಬ ಬಾಯಿಯ ಗಂಡನ ಊರು ಚಪಳಗಾಂವ. ಆಕೆ ದಿನಾ ಬೆಳಿಗ್ಗೆ ಕಣ್ಣು ಉಜ್ಜುತ್ತ ಬರುತ್ತಿದ್ದಳು. "ನಮ್ಮದು ಮನಿ ಅಲ್ರಿ ಅಕ್ಕಾರ, ಧರ್ಮಶಾಲಿ," ಅನ್ನುತ್ತಿದ್ದಳು. "ನಿನ್ನೆ ನನಗ ಮಲಗಾಕ ಜಾಗ ಇರಲಿಲ್ಲ, ನೋಡ್ರಿ. ನಿಮ್ಮದ ಚಲೋ, ಯಾರದೂ ಕಿರಿಕಿರಿ ಇಲ್ಲ."

ಹೌದು, ನನಗೆ ಯಾರದೂ ಕಿರಿಕಿರಿ ಇರಲಿಲ್ಲ. ಮೊದಲ ಸಂಬಳದಲ್ಲಿ ಒಂದು ಸೋಲಾಪುರ ಚಾದರ ತಂದು ಬಂದವರಿಗೆ ಅಂತ ಮಡಿಚಿ ಇಟ್ಟಿದ್ದೆ. ಒಂದು ಬಿಸಿಲುಗಾಲ, ಒಂದು ಮಳೆಗಾಲ ಹೋದವು, ಅದರ ಮಡಿಕೆ ಬಿಚ್ಚಲಿಲ್ಲ. ನಮ್ಮೂರವರು ಸೋಲಾಪುರಕ್ಕೆ ಬರುತ್ತಿದ್ದರು, ಅದು ನನಗೆ ಗೊತ್ತಿತ್ತು. ಪೇಟೆಯಲ್ಲಿ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತಿದ್ದರು. ಮನೆಗೆ ಬರ್ರಿ ಅಂದರೆ ಕೈ ಮುಗಿದು, "ಮತ್ತ ಯಾವಾಗರೆ ಬರ್ತೀವ್ರಿ," ಅಂದು ಗುಂಪಿನಲ್ಲಿ ಸೇರಿಹೋಗುತ್ತಿದ್ದರು. ಅವರಲ್ಲಿ ಕೆಲವರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗಿ ಹೋಗುತ್ತಾರೆಂದು ಕೇಳಿದಾಗ ನನಗೆ ಸಿಟ್ಟು ಬಂತು. ಆ ಕಬ್ಬಿಣದ ಫಲಕವನ್ನು ಕಿತ್ತು ಎಮ್ಮೆಯ ತೊಟ್ಟಿಗೆ ಹಾಕಬೇಕು ಅನ್ನಿಸಿತು.

ಮಗ್ಗಗಳು ನಡೆದಿರುವತನಕ ಪರವಾಗಿರಲಿಲ್ಲ. ಆ ಖಟಖಟದಲ್ಲಿ ಮನಸ್ಸಿಗೆ ಬೇರೆ ಮಾತು ಕೇಳಿಸುವುದಿಲ್ಲ. ವಾರದ ರಜೆಯ ದಿನ ಮಗ್ಗ ನಿಂತರೆ ಇಡೀ ಗಲ್ಲಿ ಖಾಲಿಯಾದ ಹಾಗೆ ಆಗುತ್ತಿತ್ತು. ಅವತ್ತು ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರ ಜೊತೆಗೂ ಮಾತಾಡಿರುತ್ತಿರಲಿಲ್ಲ. ಒಬ್ಬಳಿಗಾಗಿ ಹಿಟ್ಟು ನಾದಿ ರೊಟ್ಟಿ ಬಡಿಯಲಿಕ್ಕೆ ಬೇಸರವಾಗಿ ಚುರುಮುರಿ ತಿಂದು ನೀರು ಕುಡಿಯುತ್ತಿದ್ದೆ. ಕಾಕುವಿಗೆ ಮಕ್ಕಳು ಮೊಮ್ಮಕ್ಕಳ ಗದ್ದಲ, ಎಷ್ಟು ಹೊತ್ತು ಅಲ್ಲಿ ಹೋಗಿ ಕೂರುವುದು? ಎರವಲು ಮಂದಿಯಿಂದ ಮನೆ ತುಂಬುವುದಿಲ್ಲ. ನನಗೆ ನನ್ನ ಮಂದಿ ಬೇಕಾಗಿತ್ತು.

ಹೆಸರು ನಂಬಿ ಬಂದವನು ಒಬ್ಬನಿದ್ದ, ಅವನ ವಿಷಯ ಹೇಳಲೇಬೇಕು. ಒಂದು ಮಧ್ಯಾಹ್ನ ಕೊರಳಪಟ್ಟಿ ಕಟ್ಟಿಕೊಂಡು, ಬೂಟು ಹಾಕಿಕೊಂಡು, ಕೈಯಲ್ಲಿ ತೊಗಲಿನ ಚೀಲ ಹಿಡಿದ ಮನುಷ್ಯನೊಬ್ಬ ಗಲ್ಲಿಯ ಬಾಯಿಯಲ್ಲಿ ನಿಂತು ಫಲಕವನ್ನು, ಗಲ್ಲಿಯನ್ನು, ಮತ್ತೆ ಫಲಕವನ್ನು ನೋಡುತ್ತಿದ್ದ. ಬೇರೆ ಊರಿನವ. ಹುಲ್ಲು ಕತ್ತರಿಸುವ ಯಂತ್ರ ಮಾರುವ ಕಂಪನಿಯ ಏಜೆಂಟನಂತೆ. ಬೀದಿಗಳ ಹೆಸರು ನೋಡಿ, ಇಂಥಲ್ಲಿ ಬಂಗಲೆ ಇರಬೇಕು, ಬಂಗಲೆಗೆ ಹುಲ್ಲುಹಾಸು ಇರಬೇಕು ಅಂತ ಆರಿಸಿಕೊಂಡು ಬಂದಿದ್ದ. ಮರಾಠಿಯಲ್ಲಿ, ಬಹಳ ಸಭ್ಯವಾಗಿ, ತೋಟ ಯಾವ ಕಡೆ ಅಂತ ಕಾಕುವನ್ನು ಕೇಳಿದ. ಕಾಕು ಅವನ ಚಿತ್ರದ ಪುಸ್ತಕವನ್ನು ತಿರುವಿ ತಿರುವಿ ನೋಡಿ, ನನಗೆ ಕನ್ನಡದಲ್ಲಿ ಅಂದರು:

"ಹುಲ್ಲ ಕತ್ತರಸಾಕ ಮಷೀನ ಯಾಕ ಬೇಕವ್ವಾ? ಇವಕ್ಕ ಬಿಟ್ರ ಆತು." ಎಮ್ಮೆಗಳ ಕಡೆ ಕೈ ಮಾಡಿದರು. "ಮ್ಯಾಲ ಹಾಲೂ ಕೊಡತಾವ. ಅವನ ಮಷೀನ ಕೊಡತೈತೇನ ಕೇಳು."

ನಾನು ಕೇಳಲಿಲ್ಲ. ಬಿಸಿಲಲ್ಲಿ ಬಾಡಿಹೋಗಿದ್ದ. ಕಟ್ಟೆಯ ಮೇಲೆ ಕೂರಿಸಿ, ಅವತ್ತು ಮನಸ್ಸು ಮಾಡಿ ಬಡಿದಿದ್ದ ಬಿಸಿ ರೊಟ್ಟಿ, ಬೇಳೆಪಲ್ಯ ಕೊಟ್ಟೆ. ತಿಂದು, ಇನ್ನೊಂದು ಕೇಳಿ ತಿಂದು, ಬೂಟಿಗೆ ಹತ್ತಿದ ಹಸಿರು ನೀರು ಒರೆಸಿಕೊಂಡು ಹೋದ. ಆ ವರ್ಷ ನನ್ನ ಮನೆಯಲ್ಲಿ ಊಟ ಮಾಡಿದ ಅತಿಥಿ ಅವನೊಬ್ಬನೇ, ಅವನೂ ದಾರಿ ತಪ್ಪಿ ಬಂದವನು. ಅವನು ಹೋದ ಮೇಲೆ ತಾಟು ತೊಳೆಯುತ್ತ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ನನ್ನ ಬಗ್ಗೆ ನನಗೇ ಕೆಡುಕೆನಿಸಿತು.

ಆಮೇಲೆ ಚಳಿಗಾಲ ಬಂತು. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಆ ಚಪಳಗಾಂವದ ಬಾಯಿ ತನ್ನ ಡಬ್ಬಿ ತೆಗೆದು, "ತಗೋರಿ ಅಕ್ಕಾರ," ಅಂತ ನನ್ನ ರೊಟ್ಟಿಯ ಮೇಲೆ ಅಗಸೆ ಹಿಂಡಿಯ ಚಟ್ನಿಪುಡಿ ಹಾಕಿದಳು. ಯಾವತ್ತೂ ಒಂದು ಚಿಟಿಕೆ ಹಾಕುವವಳು ಅವತ್ತು ಹಿಡಿ ಹಾಕಿದಳು. ಒಂದು ತುತ್ತು ಬಾಯಿಗಿಟ್ಟೆ, ಕೈ ಅಲ್ಲೇ ನಿಂತಿತು. ಅಗಸೆ ಹಿಂಡಿಗೆ ನಮ್ಮ ಕಡೆ ಕೆಲವರು ಬೆಲ್ಲ ಹಾಕುತ್ತಾರೆ, ಕೆಲವರು ಏನೂ ಹಾಕುವುದಿಲ್ಲ. ಉತ್ತತ್ತಿ ಕುಟ್ಟಿ ಹಾಕುವವಳು ನನಗೆ ಗೊತ್ತಿದ್ದ ಹಾಗೆ ಒಬ್ಬಳೇ. ಸಣ್ಣವಳಿದ್ದಾಗ ನಾನು ಖಾರ ಅಂತ ಹಿಂಡಿ ಮುಟ್ಟುತ್ತಿರಲಿಲ್ಲ, ನನ್ನನ್ನು ಮರುಳು ಮಾಡಲಿಕ್ಕೆ ಅತ್ತೆ ಹುಡುಕಿದ ಉಪಾಯ ಅದು.

"ಇದನ್ನ ಯಾರ ಮಾಡ್ಯಾರ್ರಿ?" ಅಂದೆ.

"ಅಂಗಡೀದರಿ," ಅಂದಳು. ಹೇಳುವಾಗ ಕಿಟಕಿಯ ಕಡೆ ನೋಡಿದಳು.

"ಯಾವ ಅಂಗಡ್ಯಾಗೂ ಇದು ಸಿಗೂದಿಲ್ರಿ. ಖರೇ ಹೇಳ್ರಿ."

ಆಕೆಗೆ ಸುಳ್ಳು ಹೇಳುವ ರೂಢಿ ಇರಲಿಲ್ಲ. ಡಬ್ಬಿ ಮುಚ್ಚಿ, ಮತ್ತೆ ತೆಗೆದು, "ಹೇಳಬ್ಯಾಡ ಅಂತ ಆಣಿ ಹಾಕ್ಯಾರ್ರಿ," ಅಂದಳು. ಅಷ್ಟು ಸಾಕಾಯಿತು. ನನ್ನ ಅತ್ತೆ ವಾರದಿಂದ ಸೋಲಾಪುರದಲ್ಲೇ ಇದ್ದಳು. ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ ಕಟ್ಟಿತ್ತು. ಚಪಳಗಾಂವದಲ್ಲಿ ನನ್ನ ಕಾಕಾನ ಹೆಂಡತಿಯ ತವರಿದೆ, ಆ ತವರಿನವರ ಜೊತೆ ಬಂದು, ಒಂದು ಕಣ್ಣಿಗೆ ಆಪರೇಶನ್ ಮಾಡಿಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು, ಈ ಬಾಯಿಯ ಮನೆಯ ಸಾಲಿನಲ್ಲಿ ಮಲಗಿದ್ದಳು. ಆ ಮನೆಯಾಕೆ ನನ್ನ ಜೊತೆ ಕಲಿಸುತ್ತಾಳೆಂದು ಗೊತ್ತಾದ ಮೇಲೆ, ಊರಿಂದ ನನಗಾಗಿ ಕುಟ್ಟಿ ತಂದಿದ್ದ ಹಿಂಡಿಯನ್ನು ಆಕೆಯ ಡಬ್ಬಿಗೆ ತುಂಬಿ ಕಳಿಸಿದ್ದಳು.

ಸಾಲೆ ಬಿಟ್ಟ ಕೂಡಲೆ ಹೋದೆ. ಅತ್ತೆ ಗೋಡೆಗೆ ಆನಿಕೊಂಡು ಕೂತಿದ್ದಳು. ಒಂದು ಕಣ್ಣಿಗೆ ದಪ್ಪ ಪಟ್ಟಿ, ಇನ್ನೊಂದು ಪೂರಾ ಮಸಕು. ನನ್ನ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದಳು. ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು.

"ನಾ ಇದ್ದ ಊರಾಗ ಬಂದು ಮಂದಿ ಮನ್ಯಾಗ ಮಲಗೀಯಲ್ಲ ಅತ್ತಿ. ನಾ ಏನ ಸತ್ತಿದ್ನೇನು?"

"ಹಂಗ ಅನಬ್ಯಾಡ ನಮ್ಮವ್ವ," ಅಂದಳು, ನನ್ನ ಕೈ ಹುಡುಕಿ ಹಿಡಿದು. "ಪಟ್ಟಿ ಬಿಚ್ಚಲಿ, ಕಣ್ಣ ಕಾಣಲಿ, ಆಮ್ಯಾಲ ಬರೂಣು ಅಂದಿದ್ದೆ. ಹಿಂಗ ಕುರಡೀಗತೆ ತಡಕಾಡಕೋತ ರಾಣಿ ತ್ವಾಟಕ್ಕ ಹೋದ್ರ ಏನರೆ ಒಡದ ಇಟ್ಟೇನಂತ ಅಂಜಿಕಿ. ಗಾಜಿನ ಸಾಮಾನು ಇರ್ತಾವ. ಮತ್ತ ನಾ ತಂಬಾಕ ತಿನ್ನಾಕಿ. ಅಲ್ಲಿ ಎಲ್ಲಿ ಉಗಳ್ಲಿ?"

ಇದು ಅವಳ ತಯಾರಿ. ಗಾಜು ಗೀಜು ಏನೂ ಇಲ್ಲ, ಒಂದು ಖೋಲಿ, ಮುಂದೆ ಗಟಾರ ಅಂದೆ. "ಗೊತ್ತೈತಿ, ಗೊತ್ತೈತಿ, ಗರೀಬಖಾನಾ," ಅಂದಳು. ಇನ್ನು ಬಾಯಿಂದ ಹೇಳಿ ಪ್ರಯೋಜನವಿಲ್ಲ ಅಂತ ಒಂದು ಟಾಂಗಾ ತಂದೆ. ಹೊರಡುವ ಮುಂಚೆ ಅವಳು ಬಾಯಲ್ಲಿದ್ದ ತಂಬಾಕು ಉಗುಳಿ ಮುಕ್ಕಳಿಸಿದಳು, ಕಾಲು ತೊಳೆಸಿಕೊಂಡಳು, ಗಂಟಿನಲ್ಲಿದ್ದ ಹೊಸ ಸೀರೆ ಉಡಿಸು ಅಂದಳು. ಟಾಂಗಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಗಲ್ಲಿಯ ಬಾಯಿಯಲ್ಲಿ ಇಳಿಸಿಕೊಂಡೆ. ಮಗ್ಗಗಳು ಭರಾಟೆಯಲ್ಲಿ ನಡೆದಿದ್ದವು. ಅವಳು ನನ್ನ ತೋಳು ಹಿಡಿದು, ಮುಖ ಎತ್ತಿ, ನಾಕು ಹೆಜ್ಜೆ ಮೆಲ್ಲಗೆ ಇಟ್ಟಳು. ಮೂಗು ಸ್ವಲ್ಪ ಅರಳಿತು. ಮುಂದೆ ಒಂದು ಎಮ್ಮೆ ಎಂದಿನಂತೆ ಅಡ್ಡ ನಿಂತಿತ್ತು, ನಾನು ಹಚ್ ಅನ್ನುವಷ್ಟರಲ್ಲಿ ಅತ್ತೆಯ ಕೈ ಅದರ ಬೆನ್ನಿಗೆ ತಾಗಿತು. ಕೈ ಹಿಂದೆ ತೆಗೆದುಕೊಳ್ಳುವ ಬದಲು ಅವಳು ಬೆನ್ನಿನಿಂದ ಹೊಟ್ಟೆಯ ಕಡೆ ಸವರಿದಳು.

"ಗಬ್ಬ ಐತಿ," ಅಂದಳು. "ತಿಂಗಳೊಪ್ಪತ್ತಿನ್ಯಾಗ ಈಯತೈತಿ."

"ಹೌದತ್ತಿ. ಅದು ಕಾಕೂದು."

"ಇದಽ ಏನು ನಿನ್ನ ರಾಣಿ ತ್ವಾಟ?"

"ಇದಽ."

"ಆ ಮಾಸ್ತರನ ಬಾಯಾಗ ಮಣ್ಣ ಬೀಳಲಿ," ಅಂದಳು. ಆಮೇಲೆ ನಗತೊಡಗಿದಳು. ನಡುರಸ್ತೆಯಲ್ಲಿ ಎಮ್ಮೆಗೆ ಒರಗಿ, ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ನಗಬಾರದು, ಅಳಬಾರದು, ಕಣ್ಣಿಗೆ ಬಿಗಿಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರಂತೆ. ನಾನು ಬೇಡ ಬೇಡ ಅನ್ನುತ್ತಲೇ ನಕ್ಕೆ. ನಳದ ಮುಂದಿನ ಹೆಂಗಸರು ಕೊಡ ಬಿಟ್ಟು ನೋಡಿದರು.

ಪಟ್ಟಿ ಬಿಚ್ಚುವವರೆಗೆ ಅವಳು ನನ್ನ ಹತ್ತಿರ ಇದ್ದಳು. ಆ ದಿನಗಳ ಬಗ್ಗೆ ಹೆಚ್ಚು ಏನು ಹೇಳಲಿ? ಸಾಲೆಯಿಂದ ಬರುವಾಗ ಗಲ್ಲಿಯ ಬಾಯಿಯಿಂದಲೇ ಅವಳ ದನಿ ಕೇಳುತ್ತಿತ್ತು. ಕಾಕುವಿನ ಕಟ್ಟೆಯ ಮೇಲೆ ಕೂತು, ತಂಬಾಕು ತಿಕ್ಕಿಕೊಂಡು, ಎಮ್ಮೆಯ ಬಾಣಂತನದ ಬಗ್ಗೆ ಇಡೀ ಗಲ್ಲಿಗೆ ಬುದ್ಧಿ ಹೇಳುತ್ತಿದ್ದಳು. ಗಟಾರಕ್ಕೆ ಉಗುಳುವ ಮುಂಚೆ, "ಇವತ್ತ ನೀರ ಯಾವ ಬಣ್ಣ?" ಅಂತ ಕೇಳುತ್ತಿದ್ದಳು. ನಾನು ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಸಪ್ಪಳದ ಮೇಲೆಯೇ ರೊಟ್ಟಿ ತೆಳುವಾಯಿತು, ದಪ್ಪವಾಯಿತು ಅನ್ನುತ್ತಿದ್ದಳು. ಮಗ್ಗಗಳಿಗೆ ರಜೆಯ ದಿನ ಬಂದದ್ದು ನನಗೆ ಗೊತ್ತೇ ಆಗಲಿಲ್ಲ.

ಹೋಗುವ ಹಿಂದಿನ ದಿನ ಕೇಳಿದಳು, "ಊರಾಗ ಏನ ಹೇಳ್ಲಿ?"

"ಇದ್ದದ್ದ ಹೇಳತ್ತಿ. ನಾ ಹೇಳಿದ್ರ ಯಾರೂ ನಂಬೂದಿಲ್ಲ, ನೀ ಹೇಳಿದ್ರ ನಂಬತಾರ. ಮಂದಿ ಬರಲಿ ಅನಸತೈತಿ ನನಗ."

ಅವಳು ನನ್ನ ತಲೆಯ ಮೇಲೆ ಕೈ ಆಡಿಸಿದಳು. ಮರುದಿನ ಚಪಳಗಾಂವದವರ ಜೊತೆ ಬಸ್ಸು ಹತ್ತಿದಳು. ಅವರನ್ನು ನಿಲ್ದಾಣದಲ್ಲೇ ಹೋಗಿ ಸೇರಿಕೊಂಡಳು, ಗಲ್ಲಿಗೆ ಕರೆಸಲಿಲ್ಲ. ಅದು ಅವಳು ಬೇಕೆಂದೇ ಮಾಡಿದ್ದು ಎಂದು ನನಗೆ ಆಗ ಹೊಳೆಯಲಿಲ್ಲ.

ಇನ್ನು ಜನ ಬರುತ್ತಾರೆಂದು ನಾನು ಕಾಯತೊಡಗಿದೆ. ಒಂದು ಕೊಡ ಹೆಚ್ಚಿಗೆ ತುಂಬಿ ಇಡುತ್ತಿದ್ದೆ, ಜೋಳದ ಹಿಟ್ಟು ಹೆಚ್ಚಿಗೆ ಬೀಸಿಸುತ್ತಿದ್ದೆ. ಸಂಕ್ರಾಂತಿ ಹೋಯಿತು, ಹೋಳಿ ಹೋಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಕಾಕು ದಿನಾ, "ಬಂದ್ರೇನವ್ವಾ ನಿಮ್ಮವರು?" ಅಂತ ಕೇಳಿ ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟರು. ಕೇಳುತ್ತಿದ್ದದ್ದಕ್ಕಿಂತ ಬಿಟ್ಟದ್ದು ಕಷ್ಟವಾಯಿತು.

ಬೇಸಿಗೆಯ ರಜೆಗೆ ಊರಿಗೆ ಹೋದೆ. ಕುಂಭಾರಿ, ಅಕ್ಕಲಕೋಟೆ ದಾಟಿ ಬಸ್ಸಿನಿಂದ ಇಳಿದರೆ, ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತರು. ಮನೆಯ ಹುಡುಗರು ನನ್ನ ಸುತ್ತ ಕೂತು ಕೇಳಿದ್ದೇ ಕೇಳಿದ್ದು. ದಿನಕ್ಕೊಂದು ಬಣ್ಣದ ನೀರು ಹರಿಯುವ ಕಾಲುವೆ ಐತಂತ ಹೌದೇನು? ಬೆಳಗಿನಿಂದ ಸಂಜೀತನ ಬಾಜಿ ಬಾರಿಸಿದಂಗ ಸಪ್ಪಳ ಇರತೈತಂತ ಹೌದೇನು? ರಾಣಿ ಕಟ್ಟೆಯ ಮ್ಯಾಲ ಕೂತು ಅತ್ತೀಗೆ ತನ್ನ ಕೈಯಾರೆ ಚಹಾ ಕೊಟ್ಟಳಂತ ಹೌದೇನು? ಬಾಗಿಲಾಗ ದೊಡ್ಡ ದೊಡ್ಡ ಜನಾವರ ಕಾವಲು ನಿಂತಿರತಾವಂತ, ಹೌದೇನು? ಮಾಸ್ತರರು ಗಿರಣಿಯ ಮುಂದೆ ಕೂತು, ನಾನು ಹೇಳಿರಲಿಲ್ಲವೇ ಅನ್ನುವ ಹಾಗೆ ನನ್ನನ್ನು ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅವಳು ಆಪರೇಶನ್ ಆದ ಕಣ್ಣಿನಿಂದ, ದಪ್ಪ ಕನ್ನಡಕದೊಳಗಿಂದ, ನನ್ನನ್ನೇ ನೋಡುತ್ತಿದ್ದಳು. ನಾನು ಹೌದು ಅಂದೆ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಇಬ್ಬರೇ ಸಂಡಿಗೆ ಇಡುತ್ತಿದ್ದೆವು.

"ಯಾಕ ಹಂಗ ಹೇಳಿದಿ ಅತ್ತಿ?"

"ಸುಳ್ಳ ಏನ ಹೇಳೀನಿ? ಬಣ್ಣದ ನೀರ ಹರಿಯೂದಿಲ್ಲೇನು?" ಅಂದಳು ಮೊದಲು, ನಗಿಸಲಿಕ್ಕೆ. ನಾನು ನಗಲಿಲ್ಲ. ಆಗ ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಗೆ ಹಾಕಿ ಹೇಳಿದಳು. "ನೀ ನೌಕರಿಗೆ ಹ್ವಾದಾಗ ಬಾವಿ ಮ್ಯಾಲ ಏನೇನ ಮಾತಾಡಿದ್ರು, ನಿನಗ ಅರ್ಧಾನೂ ಹೇಳಿಲ್ಲ ನಾ. ತುಂಬಿದ ಕೊಡ ಅಲ್ಲೇ ಬಿಟ್ಟ ಬಂದೀನಿ ಒಮ್ಮೆ. ಈಗ ಅದಽ ಮಂದಿ ನನಗ ದಾರಿ ಬಿಡತಾರ. ಗಟಾರದ ದಂಡಿ ಮ್ಯಾಲ ಒಬ್ಬಾಕೀನಽ ಅದಾಳ ನಮ್ಮ ಹುಡಿಗಿ ಅಂತ ನನ್ನ ಬಾಯಿಲೆ ಹ್ಯಾಂಗ ಅನ್ಲಿ? ನಾಳೆ ಮತ್ತ ಸುರು ಮಾಡತಾರ."

"ಮಾಡಲಿ. ನನಗ ಅವರ ಮಾತ ಹತ್ತೂದಿಲ್ಲ. ಅಲ್ಲಿ ನನಗ ಯಾರೂ ಇಲ್ಲತ್ತಿ. ಮಂದಿ ಬರದಿದ್ರ ಬ್ಯಾಡ, ನೀ ಒಬ್ಬಾಕಿ ಬಾ. ನಾ ಬಂದು ಕರಕೊಂಡ ಹೋಗತೀನಿ."

ಕಾಗೆ ಒಂದು ಬಂದು ಕೂತಿತು, ಅವಳು ಓಡಿಸಲಿಲ್ಲ.

"ನಾ ಹೊಂಟೆ ಅಂದ್ರ ಮನ್ಯಾಗಿನ ಹುಡುಗ್ರು ಬಿಡತಾವೇನು? ಈಗಽ ದಿನಾ ಕಾಡತಾವ, ನಮ್ಮನ್ನೂ ಕರಕೊಂಡ ಹೋಗು ಅಂತ. ಬ್ಯಾಡ ಅಂದ್ರ ಯಾಕ ಅಂತಾರ ದೊಡ್ಡವರು. ಕರಕೊಂಡ ಬಂದ್ರ," ಅಂದು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಅವರಿಗೆ ಕಣ್ಣ ಇರ್ತಾವಲ್ಲ ನಮ್ಮವ್ವ."

ನಾನು ಅಲ್ಲೇ ಅತ್ತುಬಿಟ್ಟೆ. ಅವಳು ಸುಮ್ಮನಿರು ಅನ್ನಲಿಲ್ಲ.

ರಜೆ ಮುಗಿದು ಹೊರಟ ದಿನ ಬಸ್ಸಿನತನಕ ಬಂದಳು. ಕಂಡಕ್ಟರನಿಗೆ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಹುಡಿಗಿ ರಾಣಿ ತ್ವಾಟಕ್ಕ ಹೋಗಾಕಿ, ಕಿಡಕಿ ಹಂತ್ಯಾಕ ಕುಂದರಸಪಾ," ಅಂದಳು. ಕಂಡಕ್ಟರ ಜಾಗ ಮಾಡಿ ಕೊಟ್ಟ. ಬಸ್ಸು ಹೊರಡುವಾಗ ಕಿಟಕಿಗೆ ಬಂದು, ಸರಳು ಹಿಡಿದು, ನನಗೊಬ್ಬಳಿಗೇ ಕೇಳುವ ಹಾಗೆ ದನಿ ಇಳಿಸಿದಳು: "ನಳದ ಪಾಳಿಗೆ ಯಾರ ಜೋಡಿನೂ ಜಗಳ ಮಾಡಬ್ಯಾಡ. ಆ ಮೂಲಿ ಎಮ್ಮಿ ಹಾಯತೈತಿ, ನೋಡಿ ನಡಿ." ನಾನು ಇರುವ ಗಲ್ಲಿ ಹೇಗಿದೆಯೆಂದು ಇಡೀ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ, ಅವಳು ಮತ್ತೆ ಅಲ್ಲಿಗೆ ಬರಲಿಲ್ಲ.